ನವಿಲು ಯಾರದು?

ಹಣ ಕೊಟ್ಟವನಿಗೆ ಮನೆ ದೊರೆಯುತ್ತದೆ. ಆದರೆ ಆ ಮನೆಯ ಮೇಲೆ ಊರವರು ಇಟ್ಟಿರುವ ನಂಬಿಕೆಯೂ ಕ್ರಯಪತ್ರದಲ್ಲಿ ಸೇರಿರುತ್ತದೆಯೆ? ಸೇರಿದ್ದರೆ, ನಂಬಿದವರನ್ನು ಒಂದು ಮಾತು ಕೇಳುವುದು ಬೇಡವೆ? ಅಮೆರಿಕದ ಒಂದು ಟೆಲಿವಿಷನ್ ಸಂಸ್ಥೆಯ ಚರಿತ್ರೆಯನ್ನು ಓದುತ್ತ ಹೋದಂತೆ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಆ ಸಂಸ್ಥೆಯ ಹೆಸರು ನ್ಯಾಷನಲ್ ಬ್ರಾಡ್‌ಕಾಸ್ಟಿಂಗ್ ಕಂಪನಿ. ಜನರ ಬಾಯಲ್ಲಿ ಎನ್.ಬಿ.ಸಿ. ಅದರ ಲಾಂಛನ ಗರಿಗೆದರಿದ ನವಿಲು. ಆ ಹಕ್ಕಿಗೆ ಈಗ ಎಪ್ಪತ್ತು ವರ್ಷದ ವಯಸ್ಸು. ಅಷ್ಟರಲ್ಲಿ ಅದು ಕುಳಿತ ಕೈಗಳು ಬದಲಾಗಿವೆ, ಹಕ್ಕಿ ಮಾತ್ರ ಪರದೆಯ ಮೇಲೆ ಉಳಿದಿದೆ.

ಎನ್.ಬಿ.ಸಿ. ಹುಟ್ಟಿದ್ದು 1926ರಲ್ಲಿ, ರೇಡಿಯೋ ಸಂಸ್ಥೆಯಾಗಿ. ಅದಕ್ಕೆ ಮೂವರು ಪಾಲುದಾರರಿದ್ದರು. ಆರ್.ಸಿ.ಎ. ಎಂದು ಪ್ರಸಿದ್ಧವಾದ ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕದ ಪಾಲು ನೂರಕ್ಕೆ 50, ಜನರಲ್ ಎಲೆಕ್ಟ್ರಿಕ್ ಕಂಪನಿಯದು 30, ವೆಸ್ಟಿಂಗ್‌ಹೌಸ್ ಕಂಪನಿಯದು 20. ಏಕಸ್ವಾಮ್ಯವನ್ನು ಸಹಿಸದ ಸರ್ಕಾರ ನ್ಯಾಯಾಲಯದ ಮೆಟ್ಟಿಲು ಹತ್ತಲಾಗಿ, 1932ರಲ್ಲಿ ಉಳಿದಿಬ್ಬರೂ ದೂರ ಸರಿದು ಆರ್.ಸಿ.ಎ. ಒಂದೇ ಒಡೆಯನಾಯಿತು. ಅಲ್ಲಿಗೂ ಪಾಲುಪಟ್ಟಿ ಮುಗಿಯಲಿಲ್ಲ. ಎನ್.ಬಿ.ಸಿ. ‘ಕೆಂಪು’ ಮತ್ತು ‘ನೀಲಿ’ ಎಂಬ ಎರಡು ಪ್ರಸಾರ ಜಾಲಗಳನ್ನು ನಡೆಸುತ್ತಿದ್ದಿತು. ಒಬ್ಬನ ಕೈಯಲ್ಲಿ ಎರಡಿರಬಾರದೆಂದು ಸರ್ಕಾರ ಪಟ್ಟು ಹಿಡಿದುದರಿಂದ, 1943ರಲ್ಲಿ ‘ನೀಲಿ’ಯನ್ನು 80 ಲಕ್ಷ ಡಾಲರಿಗೆ ಎಡ್ವರ್ಡ್ ನೋಬಲ್ ಎಂಬ ಮಿಠಾಯಿ ವ್ಯಾಪಾರಿಗೆ ಮಾರಿದರು. ಇಂದಿನ ಎ.ಬಿ.ಸಿ. ಸಂಸ್ಥೆ ಬೆಳೆದದ್ದು ಆ ಪಾಲಿನಿಂದಲೇ.

ರೇಡಿಯೋದ ಕಾಲದಲ್ಲಿ ಎನ್.ಬಿ.ಸಿ.ಗಿದ್ದ ಗುರುತು ಕಣ್ಣಿನದಲ್ಲ, ಕಿವಿಯದು. ಕಾರ್ಯಕ್ರಮಗಳ ನಡುವೆ ಮೂರು ಸ್ವರಗಳ ಗಂಟೆಯ ನಾದ ಕೇಳಿಬರುತ್ತಿತ್ತು. 1950ರಲ್ಲಿ ಈ ನಾದಕ್ಕೆ ವ್ಯಾಪಾರಮುದ್ರೆಯ ಅಧಿಕೃತ ಸ್ಥಾನ ದೊರೆಯಿತು. ಕಿವಿಗೆ ಕೇಳುವ ಗುರುತೊಂದಕ್ಕೆ ಅಮೆರಿಕದಲ್ಲಿ ಅಂಥ ಸ್ಥಾನ ದೊರೆತದ್ದು ಅದೇ ಮೊದಲು. ಕವಿತೆಯ ಕಡೆಯಲ್ಲಿ ಬರುವ ಅಂಕಿತದಿಂದ ಕವಿಯನ್ನು ಗುರುತಿಸುವಂತೆ, ಕೇಳುಗರು ಆ ಮೂರು ಸ್ವರಗಳಿಂದ ಸಂಸ್ಥೆಯನ್ನು ಗುರುತಿಸುತ್ತಿದ್ದರು.

ಇನ್ನು ನವಿಲಿನ ಜನನ. ಅದು ಹುಟ್ಟಿದ್ದು ಸೌಂದರ್ಯೋಪಾಸನೆಯಿಂದಲ್ಲ, ವ್ಯಾಪಾರದಿಂದ ಎಂದರೆ ವಾಚಕರು ಬೇಸರಪಡಬಾರದು. ಆರ್.ಸಿ.ಎ.ಯ ಮುಖ್ಯ ಕಸುಬು ಕಾರ್ಯಕ್ರಮಗಳ ಪ್ರಸಾರವಲ್ಲ; ರೇಡಿಯೋ ಮತ್ತು ಟೆಲಿವಿಷನ್ ಪೆಟ್ಟಿಗೆಗಳನ್ನು ತಯಾರಿಸಿ ಮಾರುವುದು. ಹಳೆಯ ಕಪ್ಪುಬಿಳುಪಿನ ಪೆಟ್ಟಿಗೆಗಳಲ್ಲಿಯೂ ನೋಡಲು ಬರುವಂಥ ಬಣ್ಣದ ಪ್ರಸಾರಕ್ಕೆ 1953ರ ಡಿಸೆಂಬರಿನಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಮರುವರ್ಷ ಆರ್.ಸಿ.ಎ.ಯ ಬಣ್ಣದ ಪೆಟ್ಟಿಗೆ ಅಂಗಡಿಗೆ ಬಂದಾಗ ಅದರ ಬೆಲೆ 1000 ಡಾಲರು. ಮನೆಯಲ್ಲಿ ಕಪ್ಪುಬಿಳುಪಿನ ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತಿರುವಾಗ ಅಷ್ಟು ಹಣ ತೆತ್ತು ಇನ್ನೊಂದನ್ನು ಯಾರು ಕೊಂಡಾರು?

ಆಸೆ ಹುಟ್ಟಿಸಬೇಕಾಗಿದ್ದಿತು. ಆ ಕೆಲಸಕ್ಕೆ ಬಂದದ್ದು ನವಿಲು. ಜಾನ್ ಗ್ರಹಾಂ ಎಂಬ ಕಲಾವಿದರು 1956ರಲ್ಲಿ ಹನ್ನೊಂದು ಗರಿಗಳ ನವಿಲನ್ನು ರಚಿಸಿದರು. ಮರುವರ್ಷ ಅದು ಪರದೆಯ ಮೇಲೆ ಸಂಗೀತದೊಡನೆ ಗರಿ ಬಿಚ್ಚಿತು. ಮುಂದಿನ ಕಾರ್ಯಕ್ರಮ ಬಣ್ಣದಲ್ಲಿದೆಯೆಂದು ಒಂದು ಧ್ವನಿ ಸಾರಿತು. ಬಣ್ಣದ ಪೆಟ್ಟಿಗೆಯಿದ್ದವನು ಹಿಗ್ಗಿದನು. ಇಲ್ಲದವನ ಮನೆಯಲ್ಲಿಯೂ ಅದೇ ನವಿಲು ಕುಣಿಯಿತು, ಆದರೆ ಬೂದಿಯ ಬಣ್ಣದಲ್ಲಿ. ನೆರೆಮನೆಯಲ್ಲಿ ಇರುವ ಯಾವುದೋ ಸೊಗಸು ತನ್ನ ಮನೆಯಲ್ಲಿ ಇಲ್ಲವೆಂದು ಅವನಿಗೆ ದಿನವೂ ನೆನಪಾಗುವಂತಾಯಿತು. ಇಷ್ಟು ಮೃದುವಾಗಿ ಕೊರತೆಯನ್ನು ಎತ್ತಿ ಆಡಿದ ಜಾಹೀರಾತು ಅಪರೂಪವೇ ಸರಿ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಎನ್.ಬಿ.ಸಿ.ಯ ಸಂಜೆಯ ಕಾರ್ಯಕ್ರಮಗಳೆಲ್ಲ ಹೆಚ್ಚುಕಡಿಮೆ ಬಣ್ಣಕ್ಕೆ ತಿರುಗಿದ್ದುವು. ಎಲ್ಲವೂ ಬಣ್ಣವಾದ ಮೇಲೆ ‘ಇದು ಬಣ್ಣ’ ಎಂದು ಸಾರುವ ಹಕ್ಕಿಗೆ ಕೆಲಸವೇನು? 1970ರ ದಶಕದಲ್ಲಿ ಅದು ಹಿಂದೆ ಸರಿಯಿತು. 1976ರ ಜನವರಿ 1ರಂದು ಅದರ ಸ್ಥಾನಕ್ಕೆ ಕೆಂಪು ನೀಲಿ ಪಟ್ಟಿಗಳ, ಚೂಪಾದ ಅಂಚುಗಳ ‘ಎನ್’ ಎಂಬ ಒಂದೇ ಅಕ್ಷರ ಬಂದಿತು. ಹೆಸರಾಂತ ವಿನ್ಯಾಸಕಾರರ ಸಂಸ್ಥೆಯೊಂದು ಅದನ್ನು ರೂಪಿಸಿದ್ದಿತು. ಲಕ್ಷಗಟ್ಟಲೆ ಡಾಲರು ವೆಚ್ಚವಾಗಿದ್ದಿತು.

ಆಗ ನಡೆದುದು ವಿನೋದದ ಪ್ರಸಂಗ. ನೆಬ್ರಾಸ್ಕ ರಾಜ್ಯದ ಶೈಕ್ಷಣಿಕ ಟೆಲಿವಿಷನ್ ಸಂಸ್ಥೆ ಅದೇ ಆಕಾರದ ‘ಎನ್’ ಅನ್ನು ಅದಕ್ಕೂ ಮೊದಲೇ ಬಳಸುತ್ತಿತ್ತು; ಬಣ್ಣದಲ್ಲಿ ಮಾತ್ರ ಭೇದ. ಅದನ್ನು ಬರೆದವರು ಅಲ್ಲಿನ ನೌಕರರೇ. ಅದಕ್ಕೆ ತಗುಲಿದ ವೆಚ್ಚ 100 ಡಾಲರಿಗೂ ಕಡಮೆಯೆಂದು ಪತ್ರಿಕೆಗಳು ಬರೆದುವು. ಪಾಠ ಕಲಿಸುವ ಆ ಬಡ ಸಂಸ್ಥೆ ಮೊಕದ್ದಮೆ ಹೂಡಿತು. ಕಡೆಗೆ ರಾಜಿಯಾಯಿತು. ಎನ್.ಬಿ.ಸಿ. ತನ್ನ ‘ಎನ್’ ಅನ್ನು ಉಳಿಸಿಕೊಂಡಿತು. ಪ್ರತಿಯಾಗಿ 8 ಲಕ್ಷ ಡಾಲರಿಗೂ ಮಿಕ್ಕ ಬೆಲೆಯ ಪ್ರಸಾರದ ಉಪಕರಣಗಳನ್ನು ಕೊಟ್ಟಿತು. ಹೊಸ ಲಾಂಛನ ಮಾಡಿಕೊಳ್ಳುವುದೇ ಮೊದಲಾದ ಖರ್ಚಿಗೆಂದು 55,000 ಡಾಲರನ್ನೂ ತೆತ್ತಿತು. ನೆಬ್ರಾಸ್ಕದ ಮಕ್ಕಳಿಗೆ ಇದರಿಂದ ಒಳಿತೇ ಆಯಿತೆನ್ನಬೇಕು.

ಅಷ್ಟು ದುಬಾರಿಯ ಅಕ್ಷರವಾದರೂ ಜನರ ಮನಸ್ಸಿನಲ್ಲಿ ನೆಲೆಯೂರಿತೆ? ಇಲ್ಲ. 1979ರಲ್ಲಿ ಎನ್.ಬಿ.ಸಿ. ನವಿಲನ್ನು ಮರಳಿ ಕರೆತಂದು ‘ಎನ್’ನ ಮಗ್ಗುಲಲ್ಲಿ ಕೂರಿಸಿತು. ಏಳು ವರ್ಷಗಳ ಅನಂತರ ಅಕ್ಷರ ಹೋಗಿ ಹಕ್ಕಿಯೊಂದೇ ಉಳಿಯಿತು. ಒಡೆಯನು ಆಜ್ಞೆಯಿಂದ ಲಾಂಛನವನ್ನು ತೆಗೆದುಹಾಕಬಲ್ಲನು, ನೆನಪನ್ನು ತೆಗೆದುಹಾಕಲಾರನು. ಪೆಟ್ಟಿಗೆ ಮಾರುವುದಕ್ಕೆಂದು ಹುಟ್ಟಿದ ನವಿಲು ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಬಾಲ್ಯದ ಭಾಗವಾಗಿಬಿಟ್ಟಿದ್ದಿತು. ಅದರ ಮೇಲೆ ನೋಡುವವರಿಗೂ ಒಂದು ಹಕ್ಕು ಬಂದಿದ್ದಿತು. ಆ ಹಕ್ಕಿಗೆ ಕಾಗದಪತ್ರವಿಲ್ಲ, ಅಷ್ಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಮಂಗಳ ಹಾಡಬಹುದಾಗಿತ್ತು. ಆದರೆ ಇದಕ್ಕೆ ಇನ್ನೊಂದು ಮುಖವಿದೆ. 1986ರ ಮೇ 12ರಂದು, ಎನ್.ಬಿ.ಸಿ.ಯ ಅರವತ್ತನೆಯ ವರ್ಷದ ಉತ್ಸವದಲ್ಲಿ, ಈಗ ನಾವು ಕಾಣುವ ಆರು ಗರಿಗಳ ನವಿಲು ಪ್ರಕಟವಾಯಿತು. ಇದರಲ್ಲಿ ಹಕ್ಕಿಯ ಮೈಯನ್ನು ಬರೆದೇ ಇಲ್ಲ; ಗರಿಗಳ ನಡುವಣ ಬಿಳಿಯ ಬಯಲೇ ನವಿಲಾಗಿ ಕಾಣುತ್ತದೆ. ಹಿಂದೆ ಎಡಕ್ಕಿದ್ದ ಮುಖ ಈಗ ಬಲಕ್ಕೆ ತಿರುಗಿದೆ. ಚತುರ ಕೈಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಜನ ಈ ಹೊಸ ಹಕ್ಕಿಯ ಚೆಲುವನ್ನು ನೋಡುತ್ತಿದ್ದಂತೆಯೇ, ಮರುತಿಂಗಳು ಮನೆ ಮಾರಾಟವಾಯಿತು. 628 ಕೋಟಿ ಡಾಲರು ಕೊಟ್ಟು ಆರ್.ಸಿ.ಎ.ಯನ್ನು ಎನ್.ಬಿ.ಸಿ.ಸಹಿತ ಕೊಂಡುಕೊಂಡದ್ದು ಬೇರಾರೂ ಅಲ್ಲ, 1932ರಲ್ಲಿ ಹೊರನಡೆದಿದ್ದ ಜನರಲ್ ಎಲೆಕ್ಟ್ರಿಕ್. ಅಂದು ಪಾಲು ಬಿಟ್ಟವನು ಐವತ್ತನಾಲ್ಕು ವರ್ಷಗಳ ಮೇಲೆ ಯಜಮಾನನಾಗಿ ಹಿಂತಿರುಗಿದನು.

ಬಂದ ಮೇಲೆ ಏನಾಯಿತು? 1987ರಲ್ಲಿ ಟೆಲಿವಿಷನ್ ಪೆಟ್ಟಿಗೆ ತಯಾರಿಸುವ ಉದ್ಯಮವನ್ನು ಫ್ರಾನ್ಸಿನ ಥಾಮ್ಸನ್ ಕಂಪನಿಗೆ ಬಿಟ್ಟುಕೊಟ್ಟರು. ನವಿಲು ಹುಟ್ಟಿದ್ದೇ ಯಾವ ಪೆಟ್ಟಿಗೆಗಾಗಿಯೋ ಆ ಪೆಟ್ಟಿಗೆ ಹೊರಟುಹೋಯಿತು. ಅದೇ ವರ್ಷ ರೇಡಿಯೋ ಜಾಲವನ್ನೂ ಮಾರಿದರು; ಸಂಸ್ಥೆ ಹುಟ್ಟಿದ್ದೇ ರೇಡಿಯೋದಿಂದ, ಅದೂ ಹೊರಟುಹೋಯಿತು. ಹಕ್ಕಿ ಮಾತ್ರ ಏನೂ ಆಗದವರಂತೆ ಪ್ರತಿರಾತ್ರಿ ಗರಿ ಬಿಚ್ಚುತ್ತಿತ್ತು.

2004ರಲ್ಲಿ ಯೂನಿವರ್ಸಲ್ ಚಿತ್ರಸಂಸ್ಥೆಯೊಡನೆ ಸಂಬಂಧ ಬೆಳೆದು ‘ಎನ್.ಬಿ.ಸಿ. ಯೂನಿವರ್ಸಲ್’ ಆಯಿತು. 2011ರಲ್ಲಿ ಕಾಮ್‌ಕಾಸ್ಟ್ ಕಂಪನಿ ನೂರಕ್ಕೆ 51 ಪಾಲು ಕೊಂಡಿತು. 2013ರಲ್ಲಿ ಉಳಿದುದನ್ನೂ ಕೊಂಡು ಪೂರ್ಣ ಒಡೆತನ ಪಡೆಯಿತು. ಈ ಕಾಮ್‌ಕಾಸ್ಟ್ 1963ರಲ್ಲಿ ಮಿಸಿಸಿಪಿಯ ಟುಪೆಲೊ ಎಂಬ ಊರಿನಲ್ಲಿ 1200 ಮನೆಗಳಿಗೆ ತಂತಿಯ ಮೂಲಕ ಟೆಲಿವಿಷನ್ ಒದಗಿಸುತ್ತಿದ್ದ ಸಣ್ಣ ವ್ಯಾಪಾರದಿಂದ ಬೆಳೆದು ಬಂದದ್ದು. ಅದು ಎನ್.ಬಿ.ಸಿ.ಗೆ ತನ್ನ ಲಾಂಛನವನ್ನು ತೊಡಿಸಲಿಲ್ಲ. ನವಿಲನ್ನೇ ತೆಗೆದು ತಾನು ಮುಡಿದುಕೊಂಡಿತು. 2012ರ ಕೊನೆಯಿಂದ ಕಾಮ್‌ಕಾಸ್ಟ್ ಹೆಸರಿನ ಮೇಲೆಯೇ ನವಿಲು ಕುಳಿತಿದೆ. ನ್ಯೂಯಾರ್ಕಿನ ರಾಕ್‌ಫೆಲರ್ ಪ್ಲಾಜಾದಲ್ಲಿ ಎನ್.ಬಿ.ಸಿ. ಇರುವ ಗಗನಚುಂಬಿ ಕಟ್ಟಡ ಮೊದಲು ಆರ್.ಸಿ.ಎ. ಕಟ್ಟಡವೆನಿಸಿತ್ತು, 1988ರಲ್ಲಿ ಜಿ.ಇ. ಕಟ್ಟಡವಾಯಿತು; 2015ರಲ್ಲಿ ಕಾಮ್‌ಕಾಸ್ಟ್ ಕಟ್ಟಡವಾಯಿತು. ಕಟ್ಟಡದ ನೆತ್ತಿಯಲ್ಲಿ ಒಡೆಯನ ಹೆಸರು ಬದಲಾಯಿತು. ಪರದೆಯ ಮೂಲೆಯಲ್ಲಿ ಏನೂ ಬದಲಾಗಲಿಲ್ಲ. ಬೀದಿಯಲ್ಲಿ ನಿಂತು ತಲೆಯೆತ್ತಿದವನಿಗೆ ತಿಳಿದದ್ದು, ಮನೆಯಲ್ಲಿ ಕುಳಿತು ನೋಡುವವನಿಗೆ ತಿಳಿಯಲಿಲ್ಲ.

ಲಾಂಛನವು ಒಡೆಯನಿಗಿಂತ ಹೆಚ್ಚು ಕಾಲ ಬಾಳುವುದು ನಮಗೆ ಹೊಸತಲ್ಲ. ವಿಜಯನಗರದ ನಾಣ್ಯಗಳ ಮೇಲಿದ್ದ ಗಂಡಭೇರುಂಡ ಮೈಸೂರು ಒಡೆಯರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಆದರೆ ಅಲ್ಲಿ ಅರಸನು ಹೋಗಿ ಸರ್ಕಾರ ಬಂದುದನ್ನು ನಾಡೆಲ್ಲ ಬಲ್ಲದು. ಕಂಪನಿಯ ಕ್ರಯವಿಕ್ರಯ ಹಾಗಲ್ಲ. ಅದು ಪತ್ರಿಕೆಯ ವಾಣಿಜ್ಯದ ಪುಟದಲ್ಲಿ ನಡೆದು ಅಲ್ಲಿಯೇ ಮುಗಿದುಹೋಗುತ್ತದೆ. ಇದರಿಂದ ನಷ್ಟವೇನೆಂದು ಕೇಳಬಹುದು. ನಾಟಕ, ಹಾಸ್ಯ, ಆಟಗಳ ಮಟ್ಟಿಗೆ ಏನೂ ಇಲ್ಲದಿರಬಹುದು. ಆದರೆ ಆ ಪರದೆಯ ಮೇಲೆಯೇ ದೇಶದ ವಾರ್ತೆಯೂ ಬರುತ್ತದೆ. ಜನರಲ್ ಎಲೆಕ್ಟ್ರಿಕ್ ವಿಮಾನದ ಎಂಜಿನುಗಳನ್ನೂ ಅಣುವಿದ್ಯುತ್ತಿನ ರಿಯಾಕ್ಟರುಗಳನ್ನೂ ತಯಾರಿಸುತ್ತಿದ್ದ ಕಂಪನಿ. ಸೈನ್ಯದ ವೆಚ್ಚದ ವಿಷಯವನ್ನೋ ಅಣುವಿದ್ಯುತ್ತಿನ ವಿಷಯವನ್ನೋ ವಾರ್ತೆಯಲ್ಲಿ ಕೇಳುವವನು, ಹೇಳುವವನ ಒಡೆಯ ಯಾರೆಂಬುದನ್ನು ತಿಳಿದು ತೂಗಬೇಡವೆ? ವಾರ್ತೆ ಪ್ರಾಮಾಣಿಕವಾಗಿದ್ದಿರಬಹುದು, ತೂಗುವ ಹಕ್ಕು ಮಾತ್ರ ಕೇಳುವವನದು. ನವಿಲು ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಒಮ್ಮೆ ಮಾತ್ರ, ಇತ್ತೀಚೆಗೆ, ಹಕ್ಕಿಯ ಮೌನವೇ ಮಾತಾಯಿತು. 1996ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೊಡನೆ ಕೂಡಿ ಎನ್.ಬಿ.ಸಿ. ತೆರೆದಿದ್ದ ಎಂ.ಎಸ್.ಎನ್.ಬಿ.ಸಿ. ಎಂಬ ವಾರ್ತಾವಾಹಿನಿಯನ್ನೂ ಇನ್ನು ಕೆಲವು ವಾಹಿನಿಗಳನ್ನೂ ಬೇರೆ ಸಂಸ್ಥೆಯಾಗಿ ವಿಂಗಡಿಸಲು ಕಾಮ್‌ಕಾಸ್ಟ್ 2024ರಲ್ಲಿ ನಿರ್ಧರಿಸಿತು. 2025ರ ನವೆಂಬರಿನಲ್ಲಿ ಆ ವಾಹಿನಿ ‘ಎಂ.ಎಸ್. ನೌ’ ಎಂಬ ಹೊಸ ಹೆಸರು ತಾಳಿತು. ಅದರ ಪರದೆಯಿಂದ ನವಿಲು ಹಾರಿಹೋಯಿತು. ಮನೆ ಪಾಲಾದಾಗ ದೇವರ ಪೆಟ್ಟಿಗೆ ಹಿರಿಯನ ಮನೆಯಲ್ಲಿ ಉಳಿಯುವಂತೆ, ಹಕ್ಕಿ ಎನ್.ಬಿ.ಸಿ.ಯಲ್ಲಿ ಉಳಿಯಿತು. ವರ್ಷಗಟ್ಟಲೆ ನೋಡುತ್ತ ಬಂದವನಿಗೂ ಅಂದು ತಿಳಿಯಿತು, ಮನೆ ಬೇರೆಯಾಗಿದೆ ಎಂದು. ಲಾಂಛನ ಇದ್ದಷ್ಟು ಕಾಲ ಏಳದ ಪ್ರಶ್ನೆ, ಅದು ಇಲ್ಲವಾದಾಗ ತಾನಾಗಿ ಎದ್ದಿತು.

ನವಿಲು ಯಾರದು? ಕಾಗದಪತ್ರದ ಮಟ್ಟಿಗೆ ಕಾಮ್‌ಕಾಸ್ಟಿನದು. ನೆನಪಿನ ಮಟ್ಟಿಗೆ ನೋಡಿದವರದು. ಕೊಂಡವರು ಬೆಲೆ ತೆತ್ತದ್ದು ಮುಖ್ಯವಾಗಿ ಈ ಎರಡನೆಯದಕ್ಕೇ ಎಂಬುದನ್ನು ಮರೆಯಬಾರದು. ನಮ್ಮ ಮನೆಯ ಪರದೆಯ ಮೂಲೆಯಲ್ಲಿಯೂ ಇಂದು ಬಗೆಬಗೆಯ ಲಾಂಛನಗಳು ಮಿನುಗುತ್ತವೆ. ಅವುಗಳ ಚೆಲುವನ್ನು ಮೆಚ್ಚೋಣ. ಆದರೆ ಗರಿಗಳನ್ನು ಎಣಿಸಿದ ಮೇಲೆ, ಹಕ್ಕಿ ಕುಳಿತಿರುವ ಕೈ ಯಾರದೆಂದು ವಿಚಾರಿಸುವ ರೂಢಿಯನ್ನೂ ಇಟ್ಟುಕೊಳ್ಳೋಣ.