ಗೆಳತಿಯ ಹಾಸಿಗೆಯ ಪಕ್ಕದಲ್ಲಿ



ಗೆಳತಿ ಆಸ್ಪತ್ರೆ ಸೇರಿದಳೆಂದರೆ ನಾವೆಲ್ಲ ಏನು ಮಾಡ್ತೀವಿ? ಫ್ಲಾಸ್ಕಿನಲ್ಲಿ ಗಂಜಿ, ಚೀಲದಲ್ಲಿ ನಾಲ್ಕು ಮೂಸಂಬಿ ಹಿಡಿದು ಹೋಗಿ ನೋಡಿಕೊಂಡು ಬರ್ತೀವಿ. ಅದೂ ಬೇಕು. ಆದರೆ ಅದಕ್ಕಿಂತ ದೊಡ್ಡ ಉಪಕಾರವೊಂದಿದೆ. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಅವಳ ಪಕ್ಕದಲ್ಲಿರುವುದು.

ನೋವಿನಲ್ಲಿರುವವಳಿಗೆ ಡಾಕ್ಟರು ಹೇಳಿದ್ದು ಅರ್ಧವೂ ತಲೆಗೆ ಹತ್ತುವುದಿಲ್ಲ. ಕೇಳಬೇಕೆಂದಿದ್ದ ಮಾತು ಅವರ ಮುಖ ಕಂಡೊಡನೆ ಗಂಟಲಲ್ಲೇ ಉಳಿಯುತ್ತೆ. ಆದ್ದರಿಂದ ಅವಳನ್ನು ಮೊದಲೇ ವಿಚಾರಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ನುಂಗುವ ಮಾತ್ರೆಗಳು, ತೆಗೆದುಕೊಳ್ಳುತ್ತಿದ್ದ ನಾಟಿ ಔಷಧಿ, ಮೈಗೆ ಒಗ್ಗದ ಔಷಧಿ, ಎಲ್ಲವೂ ಇರಲಿ. ಜೊತೆಗೆ ಈ ಪ್ರಶ್ನೆಗಳೂ ಇರಲಿ: ಕಾಯಿಲೆ ಏನು? ಈ ಪರೀಕ್ಷೆ ಯಾತಕ್ಕೆ? ಆಪರೇಷನ್ ಈಗಲೇ ಆಗಬೇಕೇ? ಕಾದರೆ ಏನಾಗುತ್ತೆ? ಬೇರೆ ದಾರಿ ಇದೆಯೇ?

ಡಾಕ್ಟರ ಮೇಲೆ ರೇಗಬೇಡಿ, ಹೆದರಲೂ ಬೇಡಿ. "ಡಾಕ್ಟ್ರೇ, ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳ್ತೀರಾ?" ಅಂದರೆ ಸಾಕು. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಅಂತ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ಕೇಳುವವರು ನೀವಾದರೂ ಒಪ್ಪಬೇಕಾದವಳು ಅವಳೇ. ಹಿಂದೆ ದೆಹಲಿಯಲ್ಲಿ ಪರೀಕ್ಷೆಗೆಂದು ಹೋದ 44 ವರ್ಷದ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟಿದ್ದರು. ಪ್ರಾಣಕ್ಕೆ ತಕ್ಷಣ ಅಪಾಯವಿಲ್ಲದಿರುವಾಗ ಆ ಒಪ್ಪಿಗೆ ಸಲ್ಲದು, ಎಚ್ಚರವಾದ ಮೇಲೆ ಅವರನ್ನೇ ಕೇಳಬೇಕಿತ್ತು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೆತ್ತ ತಾಯಿಯ ಮಾತೇ ಸಾಲದೆಂದ ಮೇಲೆ ನಮ್ಮದೇನು ಹೇಳಿ?

ನಮ್ಮ ಊರುಗಳಲ್ಲಿ ಎಷ್ಟೋ ಸಲ ಗಂಡ, ಅತ್ತೆ, ಡಾಕ್ಟರು ವಾರ್ಡಿನ ಹೊರಗೇ ನಿಂತು ತೀರ್ಮಾನಿಸಿಬಿಡುತ್ತಾರೆ. ಆಗ ಜಗಳಕ್ಕೆ ನಿಲ್ಲದೆ, "ಅವಳನ್ನೂ ಒಂದು ಮಾತು ಕೇಳೋಣ್ವಾ?" ಅನ್ನಿ. ಸಹಿ ಹಾಕುವ ಮುಂಚೆ ಕಾಗದದಲ್ಲಿರುವುದನ್ನು ಅವಳಿಗೆ ಓದಿ ಹೇಳಿ. ಅವಳಿಗೆ ಸಂಕೋಚವೆನಿಸುವ ಪರೀಕ್ಷೆಯ ಹೊತ್ತಿನಲ್ಲಿ, "ನಾನು ಇರಲಾ, ಹೊರಗೆ ಹೋಗಲಾ?" ಅಂತ ಅವಳನ್ನೇ ಕೇಳಿ. ಅಲ್ಲಿ ಕೇಳಿದ್ದು ಬೀದಿಯ ಮಾತಾಗಬಾರದು ಅಂತ ನಿಮಗೆ ಬೇರೆ ಹೇಳಬೇಕೇ?

ಮನೆಗೆ ಕಳಿಸುವಾಗ ಯಾವ ಮಾತ್ರೆ ಎಷ್ಟು ದಿನ, ಪಥ್ಯವೇನು, ಯಾವ ತೊಂದರೆ ಕಂಡರೆ ತಕ್ಷಣ ಓಡಿ ಬರಬೇಕು ಎಂಬುದನ್ನು ಬರೆಸಿಕೊಳ್ಳಿ. ಚಿಕಿತ್ಸೆಯ ದಾಖಲೆಗಳನ್ನು ರೋಗಿಯಾಗಲಿ, ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಧೈರ್ಯವಾಗಿ ಕೇಳಿ, ಮರೆಯದೆ ಫೈಲಿಗೆ ಹಾಕಿಡಿ. ಮುಂದಿನ ಸಲ ತೋರಿಸಲು ಹೋದಾಗ ಅದೇ ಮೊದಲು ಬೇಕಾಗುವುದು.