ಸಮಾಜಶಾಸ್ತ್ರವೂ ಕನ್ನಡವೂ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಅಲ್ಲಿಯೇ ಓದಿದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ, ಒಕ್ಕಲುತನ, ಜಾತಿ, ವ್ಯಾಜ್ಯಗಳನ್ನು ಕಣ್ಣಾರೆ ಕಂಡರು. ಹಳ್ಳಿಗರು ಕನ್ನಡದಲ್ಲಿ ನುಡಿದುದೋ ೧೯೭೬ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಹೊರಬಂದಿತು! ಅವರನ್ನು ನಾವು ದೂರೆವು. ಶಾಸ್ತ್ರಕ್ಕೆ ಇಂಗ್ಲಿಷೇ ಗತಿಯೆಂಬ ಪದ್ಧತಿಯನ್ನು ದೂರುತ್ತೇವೆ.

೧೯೫೬ರಲ್ಲಿ, ಕಾಸರಗೋಡನ್ನು ಹೊರಗಿಟ್ಟು, ಪ್ರಾಂತವೇನೋ ಒಂದಾಯಿತು. ಇಂದು ಬೆಂಗಳೂರಿನ ಬ್ರೂಕ್‌ಫೀಲ್ಡಿನಲ್ಲಿ ಕಂಪ್ಯೂಟರ್ ಉದ್ಯೋಗಿ, ಹೊಲ ಮಾರಿದ ರೈತ, ಮನೆಗೆಲಸದಾಕೆ ಒಂದೇ ಬೀದಿಯಲ್ಲಿ ನಡೆದಾಡುತ್ತಾರೆ; ಒಬ್ಬರ ಬಾಳು ಇನ್ನೊಬ್ಬರಿಗೆ ತಿಳಿಯದು. ಇದನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲಿಯೇ ಬರೆಯುವವರಾರು? ಅಂಥ ಪ್ರಬಂಧವನ್ನು ಕೈಗೊಳ್ಳುವ ತರುಣರಿಗೆ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿವೇತನವನ್ನು ಕೊಡಲಿ. ಉಪಾಧ್ಯಾಯರು ಜಾಣ ಹುಡುಗರನ್ನೆಲ್ಲ ಯಂತ್ರಶಾಸ್ತ್ರಕ್ಕೇ ಅಟ್ಟದಿರಲಿ.