ಬೋರಿಗೆ ಡಾಲರ್, ಕೆರೆಗೆ?



ಸೌತ್‌ಲೇಕ್‌ನ ನಮ್ಮ ಮನೆ ಮುಂದಿನ ಹುಲ್ಲಿಗೆ ಸ್ಪ್ರಿಂಕ್ಲರ್ ನೀರು ಹಾಯಿಸುತ್ತಿರುವಾಗಲೇ ಕೋಲಾರದ ಹಳ್ಳಿಯಿಂದ ಅಣ್ಣನ ಫೋನು. "ಬೋರು ಬತ್ತೋಯ್ತು. ಇನ್ನೊಂದು ಕೊರೆಸಬೇಕು, ದುಡ್ಡು ಕಳಿಸು." ನಾನು ದುಡ್ಡು ಕೊಡುತ್ತಿರುವ ಮೂರನೇ ಬೋರು ಇದು. ನಿಮ್ಮಲ್ಲಿ ಹಲವರ ಕಥೆಯೂ ಇದೇ ಅಲ್ಲವೇ?

ತನ್ನ ನೆಲದಡಿಯ ನೀರನ್ನು ಎತ್ತಿದವನು ಪಕ್ಕದವನ ಬಾವಿ ಬತ್ತಿದರೂ ಹೊಣೆಯಲ್ಲ ಎಂದು ಟೆಕ್ಸಾಸಿನ ಸುಪ್ರೀಂ ಕೋರ್ಟ್ 1904ರಲ್ಲಿ ತೀರ್ಪು ಕೊಟ್ಟಿತು. ದೊಡ್ಡ ಪಂಪು ಇದ್ದವನದೇ ನೀರು! ಈಗ ಹಲವು ಕಡೆ ಅಂತರ್ಜಲ ಮಂಡಳಿಗಳು ಇದಕ್ಕೆ ಕಡಿವಾಣ ಹಾಕಿವೆ. ನಮ್ಮಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ. ಆದರೂ ಸಾವಿರ ಅಡಿ ದಾಟಿದ ಪೈಪೋಟಿ ನಿಂತಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರಕ್ಕೆ ಕೆರೆಯೇ ಜೀವ. ನೀರುಗಂಟಿ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ. ರೈತರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಬೋರು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು, ಕಾಲುವೆಗಳು ಒತ್ತುವರಿಯಾದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಹಲವು ಕೆರೆಗಳಿಗೆ ಬರುತ್ತಿದೆ. ಆದರೆ ಕಾಲುವೆ ಮುಚ್ಚಿದ ಕೆರೆಗೆ ಮಳೆನೀರೂ ಬರದು.

ಇದನ್ನೆಲ್ಲ ಹೇಳಿದರೆ ಅಣ್ಣ ಸಿಟ್ಟಾದ. "ಈ ಬೆಳೆ ಒಣಗಿದ್ರೆ ನಿನ್ನ ಕೆರೆ ಬಂದು ಉಳಿಸ್ತದಾ?" ಅವನ ಮಾತೂ ಸುಳ್ಳಲ್ಲ. ದುಡ್ಡು ಕಳಿಸಿದೆ. ಆದರೆ ಅಷ್ಟೇ ಮೊತ್ತವನ್ನು ಊರ ಕೆರೆಗೂ ತೆಗೆದಿಟ್ಟೆ.

ಗೆಳೆಯರೇ, ನಾವು ಕಳಿಸುವ ಡಾಲರು ಅಣ್ಣನ ಹೊಲಕ್ಕೆ ನೀರು ತರುತ್ತಾ ಪಕ್ಕದವನ ಬೋರನ್ನು ಬತ್ತಿಸುತ್ತಿರಬಹುದು. ಬೋರಿಗೆ ಕೊಟ್ಟಷ್ಟನ್ನು ಕೆರೆಗೂ ಕೊಡೋಣ. ಮೊದಲು ಯಾವ ಕಾಲುವೆ ಬಿಡಿಸಬೇಕು, ಹೂಳು ಯಾರ ಹೊಲಕ್ಕೆ ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಲಿ, ನಮ್ಮ ಇಮೇಲಿನಲ್ಲಲ್ಲ.

ಏನಂತೀರಿ?